ಬ್ಯಾನರಿನ ಕೆಳಗಿನ ಕಾಲುಗಳು

ಬೆಳ್ಳಟ್ಟಿಯಲ್ಲಿ ಬಸ್ಸಿಳಿದು ನೂರು ಹೆಜ್ಜೆ ನಡೆದಿದ್ದನೋ ಇಲ್ಲವೋ, ಸಿದ್ದಲಿಂಗೇಶ ಹಿರೇಮಠನ ಎಡಗಾಲಿನ ಮೀನಖಂಡವನ್ನು ಯಾರೋ ಒದ್ದೆ ಧೋತರ ಹಿಂಡಿದ ಹಾಗೆ ಹಿಂಡಿದರು. ಆತ ನಿಂತ. ನಿಂತದ್ದೇ ತಪ್ಪಾಯಿತು.

“ಶರಣ್ರೀ ಅಯ್ಯಾರ!” ಎಂದು ಚಾದಂಗಡಿಯಿಂದ ಒಬ್ಬ ಓಡಿ ಬಂದು ಪಾದ ಮುಟ್ಟಿದ. ಅವನನ್ನು ನೋಡಿ ಇನ್ನಿಬ್ಬರು ಬಂದರು. ಅವರನ್ನು ನೋಡಿ, ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದವನು ಪಂಪನ್ನು ಅಲ್ಲೇ ಬಿಟ್ಟು ಬಂದ.

ಮಠದ ಮನೆತನದಲ್ಲಿ ಹುಟ್ಟಿದವನ ಪಾದ ಅವನ ಸ್ವಂತದ್ದಲ್ಲ. ಅದು ಊರ ಬಾವಿಗಿಂತ ಹೆಚ್ಚು ಸಾರ್ವಜನಿಕ. ಬಾವಿಯ ಹತ್ತಿರ ಬರಬೇಡಿ ಎಂದು ತಡೆಯಲ್ಪಟ್ಟವರಿಗೂ ದೂರದಿಂದ ಅಡ್ಡಬೀಳುವ ಸ್ವಾತಂತ್ರ್ಯವನ್ನು ಈ ಸೀಮೆ ಯಾವತ್ತೂ ಕಸಿದುಕೊಂಡಿಲ್ಲ. ಸಿದ್ದಲಿಂಗೇಶ ಪ್ಯಾಂಟು ಹಾಕಿ, ಹೆಗಲಿಗೆ ಬ್ಯಾಗು ಏರಿಸಿ, ಊರೂರು ತಿರುಗುವ ಗುತ್ತಿಗೆಯ ಆರೋಗ್ಯ ಕಾರ್ಯಕರ್ತನಾದರೂ ಪ್ಯಾಂಟಿನ ಕೆಳಗಿನ ಪಾದ ಮಾತ್ರ ಹಿರೇಮಠದ್ದೇ ಆಗಿ ಉಳಿದಿತ್ತು.

ಆರು ತಿಂಗಳಿಂದ ಆತ ಹೀಗೆ ನಡೆಯುತ್ತಿದ್ದ. ನೂರು ಹೆಜ್ಜೆ, ನೋವು, ನಿಲುಗಡೆ. ಮತ್ತೆ ನೂರು ಹೆಜ್ಜೆ. ಜನ ಅದನ್ನು ಬೇರೆಯೇ ರೀತಿ ಓದಿಕೊಂಡಿದ್ದರು. “ಎಷ್ಟ ದೊಡ್ಡ ಮನಸ ನೋಡ್ರಿ! ಅಲ್ಲಲ್ಲಿ ನಿಂತು ಮಂದೀನ ಮಾತಾಡಿಸಿಗೋತ ಹೊಕ್ಕಾರ” ಎನ್ನುತ್ತಿದ್ದರು. ದೊಡ್ಡದಾಗಿದ್ದದ್ದು ಮನಸ್ಸಲ್ಲ, ಸಕ್ಕರೆ. ಅದು ಗೊತ್ತಿದ್ದದ್ದು ಅವನಿಗೆ ಮತ್ತು ಅಂಗಿಯ ಕಿಸೆಯಲ್ಲಿದ್ದ ವಿಭೂತಿ ಡಬ್ಬಿಗೆ. ವಿಭೂತಿ ಗಟ್ಟಿಯ ಕೆಳಗೆ ಗುಳಿಗೆಗಳ ಹಾಳೆಯನ್ನು ಮಡಚಿ ಇಟ್ಟು ಎರಡು ವರ್ಷದಿಂದ ಆತ ಕದ್ದು ನುಂಗುತ್ತಿದ್ದ. ಹೆಂಡತಿ ಶಿವಲಕ್ಷ್ಮಿಗೂ ಹೇಳಿರಲಿಲ್ಲ. ಸಕ್ಕರೆ ಇದ್ದವನೆಂದು ಗೊತ್ತಾದರೆ ‘ಹೆಜ್ಜೆ ಆರೋಗ್ಯ ಪ್ರತಿಷ್ಠಾನ’ ಅವನನ್ನು ಇಟ್ಟುಕೊಳ್ಳುತ್ತದೆಯೇ?

ಇದೇ ತಿಂಗಳಿಗೆ ಅವನ ಗುತ್ತಿಗೆ ಮುಗಿಯುತ್ತಿತ್ತು. ಮುಂದುವರಿಸಲು ಪ್ರತಿಷ್ಠಾನದ ಸಂಯೋಜಕ ಗವಿಸಿದ್ದೇಶ ಫೋನಿನಲ್ಲಿ ಎರಡು ಕರಾರು ಹೇಳಿದ್ದ.

“ಒಂದು, ಬೆಳ್ಳಟ್ಟಿ ಶಿಬಿರದಾಗ ಸಕ್ಕರಿ ಇದ್ದವರು ನೂರ ಮಂದಿ ಕಾಲ ತಪಾಸ ಆಗಬೇಕು. ತೊಂಬತ್ತೊಂಬತ್ತ ಅಲ್ಲ, ನೂರು. ಎರಡು, ದಿನಾ ಎಂಟ ಕಿಲೋಮೀಟರ್ ನಡಿಯೋ ತಾಕತ್ತ ನಿಮಗೈತಿ ಅಂತ ಶಿಬಿರದ ಡಾಕ್ಟರ್ ಸಹಿ ಬೇಕು. ಎರಡರಾಗ ಒಂದ ಇಲ್ಲಂದ್ರೂ ನನ್ನ ಕೈಯಾಗ ಏನೂ ಇಲ್ಲ ನೋಡ್ರಿ ಅಯ್ಯಾರ.”

ಆ ಸಹಿಯ ಕಾಗದ ಈಗ ಅವನ ಬ್ಯಾಗಿನಲ್ಲಿತ್ತು. ಪಾದಕ್ಕೆ ಬೀಳುವವರು ತಾಲೂಕಿನ ತುಂಬ ಇದ್ದರೂ ಪಾದದಿಂದ ಮನೆಯ ಒಲೆ ಹೊತ್ತುವುದಿಲ್ಲ. ಸಂಜೆಯವರೆಗೆ ಡಾಕ್ಟರರ ಮುಂದೆ ಕುಂಟಬಾರದು, ಅಷ್ಟೇ. ಸಿದ್ದಲಿಂಗೇಶ ಹಲ್ಲು ಕಚ್ಚಿ ಮತ್ತೆ ನೂರು ಹೆಜ್ಜೆ ಹಾಕಿದ.

ಶಿಬಿರ ಪುಂಡಲೀಕಪ್ಪಗೌಡರ ಕಲ್ಯಾಣ ಮಂಟಪದಲ್ಲಿತ್ತು. ಬಾಗಿಲ ಮೇಲೆ ಹನ್ನೆರಡು ಮೊಳದ ಬ್ಯಾನರು. ಅದರಲ್ಲಿ ಗೌಡರ ಮುಖ ಬೀಸುವ ಕಲ್ಲಿನಷ್ಟು, ಮುಖ್ಯ ಅತಿಥಿಯ ಮುಖ ಬಂಡಿಯ ಗಾಲಿಯಷ್ಟು. ಮೂಲೆಯಲ್ಲಿ ಅಂಗೈಯಗಲದ ಜಾಗದಲ್ಲಿ ‘ಸಕ್ಕರೆ ಕಾಯಿಲೆಯವರ ಕಾಲಿನ ರಕ್ತಸಂಚಾರ ತಪಾಸಣಾ ಶಿಬಿರ’ ಎಂಬ ಅಕ್ಷರಗಳು ಒಂದನ್ನೊಂದು ತುಳಿದುಕೊಂಡು ನಿಂತಿದ್ದವು. ಇಡೀ ಬ್ಯಾನರಿನಲ್ಲಿ ಒಂದೇ ಒಂದು ಕಾಲಿನ ಚಿತ್ರ ಇರಲಿಲ್ಲ.

ಒಳಗೆ ಡಾಕ್ಟರ್ ಶಾಂಭವಿ ಆಗಲೇ ತೋಳು ಮಡಚಿ ಕೂತಿದ್ದಳು. ಧಾರವಾಡ ಕಡೆಯ ಹುಡುಗಿ, ಮಾತು ಚುರುಕು. ಮೇಜಿನ ಮೇಲೆ ಕೆಂಪು ರಿಬ್ಬನ್ ಕಟ್ಟಿದ ಒಂದು ಪೆಟ್ಟಿಗೆ ಇತ್ತು.

“ಇದರಾಗ ಡಾಪ್ಲರ್ ಯಂತ್ರ ಐತಿ ಹೌದಲ್ಲ? ಕಾಲಿನ ಮ್ಯಾಲ ಹಿಡದ್ರ ರಕ್ತ ಹರಿಯೋ ಸಪ್ಪಳ ಕೇಳಸತೈತಿ. ತೆಗೀರಿ, ಸುರು ಮಾಡೋಣು.”

ಗವಿಸಿದ್ದೇಶ ಪೆಟ್ಟಿಗೆಗೆ ಅಡ್ಡ ಬಂದ. “ಅಯ್ಯಯ್ಯ, ಬ್ಯಾಡ್ರಿ ಡಾಕ್ಟರ! ಅದಿನ್ನೂ ಉದ್ಘಾಟನಾ ಆಗಿಲ್ಲ. ಮುಖ್ಯ ಅತಿಥಿಗಳು ಬಂದು ರಿಬ್ಬನ್ ಕತ್ತರಸಬೇಕು.”

“ಯಾವಾಗ ಬರತಾರ?”

“ಹನ್ನೊಂದಕ್ಕ ಅಂದಾರ. ಅಂದ್ರ ಮೂರು, ನಾಕು...”

“ಹೋದ ತಿಂಗಳ ಲಕ್ಷ್ಮೇಶ್ವರದಾಗ ಇದನ್ನ ಉದ್ಘಾಟನಾ ಮಾಡಿದ್ರಲ್ಲ? ನಾನ ಇದ್ದೆ.”

“ಅದು ಲಕ್ಷ್ಮೇಶ್ವರದ ಉದ್ಘಾಟನಾ ಆತ್ರಿ.”

ಶಾಂಭವಿ ಪೆಟ್ಟಿಗೆಯನ್ನು ಅತ್ತ ಸರಿಸಿದಳು. ಆಮೇಲೆ ಸಿದ್ದಲಿಂಗೇಶನ ಕಡೆ ತಿರುಗಿ ಎರಡು ಬೆರಳು ಎತ್ತಿ ತೋರಿಸಿದಳು. “ಬರ್ರಿ ಇಲ್ಲೆ. ಯಂತ್ರ ಇಲ್ಲಂದ್ರ ಬಳ್ಳ ಅದಾವ. ಪಾದದ ಮ್ಯಾಲ, ಹೆಬ್ಬಟ್ಟಿನ ಎಲುವಿನ ಸಾಲಿಗೆ ಎರಡ ಬಳ್ಳ ಇಡ್ರಿ. ಹಗೂರಕ. ಟಕ್ ಟಕ್ ಅಂತೈತಲ್ಲ? ಅದು ನಾಡಿ. ಇನ್ನೊಂದು ಒಳಗಿನ ಹರಡಿನ, ಅಂದ್ರ ಕಾಲಗಂಟಿನ ಹಿಂದ. ಎರಡೂ ಕಡೆ ಹತ್ತಿದ್ರ ಚಲೋ. ಹತ್ತಲಿಲ್ಲಂದ್ರ, ಕಾಲ ತಣ್ಣಗಿದ್ರ, ನನ್ನ ಕರೀರಿ. ಸಕ್ಕರಿ ಬಹಳ ದಿನ ಇದ್ದವರ ಕಾಲಿಗೆ ರಕ್ತ ಸರಿಯಾಗಿ ಮುಟ್ಟಂಗಿಲ್ಲ. ಮುಳ್ಳ ಚುಚ್ಚಿದ್ರೂ ತಿಳಿಯಂಗಿಲ್ಲ, ಗಾಯ ಮಾಯಂಗಿಲ್ಲ, ಕಡೀಕ ಕಾಲ ತೆಗೀಬೇಕಾಗತೈತಿ. ಮೊದಲ ಗೊತ್ತಾದ್ರ ಉಳಿಸಬಹುದು.”

ಸಿದ್ದಲಿಂಗೇಶ ತಲೆಯಾಡಿಸಿದ. ಆ ಕಡೆಯ ಮಾತು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನ ಅಪ್ಪನ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದಿದ್ದರು. ಅದಾದ ಮೇಲೆ ಭಕ್ತರು ಕೆಲವು ದಿನ ಗಲಿಬಿಲಿಗೊಂಡು, ಉಳಿದ ಎಡಗಾಲಿಗೊಮ್ಮೆ, ಊರುಗೋಲಿಗೊಮ್ಮೆ ನಮಸ್ಕಾರ ಮಾಡಿ ಲೆಕ್ಕ ಸರಿದೂಗಿಸಿದ್ದರು. ಅಪ್ಪ ಹೋದ ಮೇಲೂ ಊರುಗೋಲಿಗೆ ಹೂ ಏರುತ್ತಿತ್ತು. ಆ ಕಾಲು ಮೊದಲು ತಣ್ಣಗಾದಾಗ ಯಾರಾದರೂ ಒಬ್ಬರು ಗಮನಿಸಿದ್ದರೆ? ದಿನಕ್ಕೆ ಐವತ್ತು ಕೈ ಮುಟ್ಟುತ್ತಿದ್ದ ಕಾಲು ಅದು.

ಆ ಯೋಚನೆಯನ್ನು ಆತ ಬ್ಯಾಗಿನೊಳಗೆ ತುರುಕಿ, ಮಣೆಯ ಮೇಲೆ ಕೂತು, ಮೊದಲನೆಯವನನ್ನು ಕರೆದ.

ಮೊದಲನೆಯವನು ಮುದಕಪ್ಪ. ಎಪ್ಪತ್ತರ ಮುದುಕ, ಹದಿನೈದು ವರ್ಷದ ಸಕ್ಕರೆ. ಕುರ್ಚಿಯ ಮೇಲೆ ಕೂತು ಚಪ್ಪಲಿ ಬಿಟ್ಟ. ಸಿದ್ದಲಿಂಗೇಶ ಬಗ್ಗಿ ಅವನ ಪಾದಕ್ಕೆ ಕೈ ಹಾಕಿದನೋ ಇಲ್ಲವೋ, ಮುದಕಪ್ಪ ಚೇಳು ಕಡಿದವನಂತೆ ಕುರ್ಚಿಯ ಮೇಲೆ ಹತ್ತಿ ನಿಂತುಬಿಟ್ಟ.

“ಯಪ್ಪಾ! ಅಯ್ಯಾರ, ಏನ ಮಾಡಾಕ ಹತ್ತೀರಿ? ನೀವು ನನ್ನ ಕಾಲ ಹಿಡೀತೀರಿ? ನಾ ಯಾವ ನರಕಕ್ಕ ಹೋಗಲಿ?”

“ಏನೂ ಆಗಂಗಿಲ್ಲೋ ಮಾರಾಯ. ನಾಡಿ ನೋಡತೇನಿ, ಇಳಿ ಕೆಳಗ.”

“ಹಂಗಾರ ಮೊದಲ ನಾ ಮುಟ್ಟತೇನಿ, ಆಮ್ಯಾಲ ನೀವು!”

ಮುದಕಪ್ಪ ಇಳಿದು ಬಗ್ಗಿದ. ಅದೇ ಹೊತ್ತಿಗೆ ಸಿದ್ದಲಿಂಗೇಶನೂ ಬಗ್ಗಿದ. ಎರಡು ತಲೆಗಳು ಟಗರಿನ ಕಾಳಗದಲ್ಲಿ ಕೇಳುವ ಸದ್ದಿನೊಂದಿಗೆ ಕೂಡಿದವು. ಸಿದ್ದಲಿಂಗೇಶನ ಹಣೆಯ ಮೇಲೆ ವಿಭೂತಿಯ ನಡುವೆ ಅಡಿಕೆಯಷ್ಟು ಬುಗುಟಿ ಎದ್ದಿತು. ಮುದಕಪ್ಪನಿಗೆ ಏನೂ ಆಗಲಿಲ್ಲ. ಆತ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡು, ಪರೀಕ್ಷೆ ಮಾಡಿಸಿಕೊಂಡು, ಮತ್ತೆ ಎರಡು ಸಲ ಅಡ್ಡಬಿದ್ದ.

“ಮತ್ತ್ಯಾಕಪಾ?”

“ನೀವು ಎರಡೂ ಕಾಲ ಮುಟ್ಟಿದ್ರಲ್ರಿ. ಎರಡ ಪಾಪ.”

ಇದು ಸಾಲಿನಲ್ಲಿದ್ದವರಿಗೆಲ್ಲ ಬಹಳ ನ್ಯಾಯವಾಗಿ ಕಂಡಿತು. ಒಂದೊಂದು ಕಾಲಿಗೆ ಎರಡೆರಡು ಕಡೆ ಬೆರಳಿಡುವುದರಿಂದ ನಾಲ್ಕು ನಮಸ್ಕಾರ ಎಂದು ಎರಡನೆಯವನು ತಿದ್ದುಪಡಿ ತಂದ. ಮೂರನೆಯವಳು ಹಿಮ್ಮಡಿಗೂ ಕೈ ತಾಗಿತೆಂದು ಐದು ಮಾಡಿದಳು. ಹನ್ನೊಂದು ಗಂಟೆಯ ಹೊತ್ತಿಗೆ ಪರೀಕ್ಷೆಯಾದವರು ಆರು, ನಮಸ್ಕಾರ ಇಪ್ಪತ್ತೇಳು, ಬುಗುಟಿ ಎರಡು.

“ಹಿಂಗಾದ್ರ ನೂರ ಮಂದಿ ಮುಗಿಯೋದು ಮುಂದಿನ ಯುಗಾದಿಗೆ” ಎಂದು ಗವಿಸಿದ್ದೇಶ ತಲೆಗೆ ಕೈ ಹಚ್ಚಿದ. “ಅಯ್ಯಾರ, ಬ್ಯಾಡ ಅನ್ರಿ ಅವರಿಗೆ!”

“ಬ್ಯಾಡ ಅಂದ್ರ ಸಿಟ್ಟಾಗ್ಯಾರ ಅಂತ ಇನ್ನೊಂದ ಸಲ ಬೀಳತಾರ್ರಿ!”

ಏಳನೆಯವಳು ಬೀರವ್ವ. ಆಡು ಮೇಯಿಸುವವಳು, ಮಿಕ್ಕ ದಿನ ಗೌಡರ ಹೊಲದಲ್ಲಿ ಕೂಲಿ. ಅವಳ ಕಾಲಿನ ನಾಡಿ ಡೊಳ್ಳಿನ ಹಾಗೆ ಬಡಿಯುತ್ತಿತ್ತು. ಸಿದ್ದಲಿಂಗೇಶನ ಬೆರಳುಗಳನ್ನೇ ನೋಡುತ್ತಿದ್ದ ಅವಳು ಶಾಂಭವಿಗೆ ಹೇಳಿದಳು: “ಡಾಕ್ಟರವ್ವಾರ, ಆಡಿನ ಮರಿ ಜಡ್ಡಿಗೆ ಬಿದ್ರ ನಾವೂ ಹಿಂಗ ನೋಡತೀವಿ. ತೊಡಿ ಸಂದಿನಾಗ ಬಳ್ಳ ಇಟ್ಟು. ಬಡಿತಿತ್ತಂದ್ರ ಉಳೀತೈತಿ.”

“ಹಂಗಾರ ನೀ ನನ್ನ ಬಾಜು ಕುಂಡ್ರವಾ” ಎಂದಳು ಶಾಂಭವಿ. “ಬರೋರ ಕಾಲ ಒದ್ದಿ ಬಟ್ಟಿಲೆ ಒರಸಿ ಮುಂದ ಇಡು. ಗಾಯ ಇದ್ರ ಹೇಳು.”

ಅಷ್ಟರಲ್ಲಿ ಬಾಗಿಲಿಗೆ ಒರಗಿ ಈ ಜಾತ್ರೆ ನೋಡುತ್ತಿದ್ದ ಪ್ರತಿಷ್ಠಾನದ ಗಾಡಿಯ ಚಾಲಕ ಅಝೀಮ ಬಾಯಿ ಬಿಟ್ಟ. “ಡಾಕ್ಟರ್ ಮೇಡಂ, ನಡುವ ಒಂದ ಪರದೆ ಕಟ್ಟರಿ. ಅಯ್ಯಾರು ಆಚೆ, ಮಂದಿ ಈಚೆ. ಕೆಳಗಿಂದ ಕಾಲಷ್ಟ ಒಳಗ ಹೋಗಲಿ. ಯಾರು ಯಾರನ್ನ ಮುಟ್ಟಿದ್ರು ಯಾರಿಗೆ ಗೊತ್ತು?”

“ಎಲ್ಲಾರಿಗೂ ಗೊತ್ತೈತಲ್ಲೋ!” ಎಂದ ಗವಿಸಿದ್ದೇಶ.

ಜನ ಮುದಕಪ್ಪನ ಮುಖ ನೋಡಿದರು. ಮುದಕಪ್ಪ ಕಣ್ಣು ಮುಚ್ಚಿ ವಿಚಾರ ಮಾಡಿ ತೀರ್ಪು ಕೊಟ್ಟ. “ಕಣ್ಣಿಗೆ ಕಾಣಲಿಲ್ಲಂದ್ರ ದೋಷ ಇಲ್ಲ.”

ಊರಿಗೆ ಊರೇ ಒಪ್ಪಿತು. ಒಪ್ಪದೆ ಏನು? ಈ ಸೀಮೆಯಲ್ಲಿ ದೊಡ್ಡವರ ಎಷ್ಟೋ ವ್ಯವಹಾರಗಳು ತಲೆಮಾರಿನಿಂದ ನಡೆದು ಬಂದದ್ದೇ ಆ ಕಾಯಿದೆಯ ಮೇಲೆ.

ಪರದೆಗೆ ಬಟ್ಟೆ ಎಲ್ಲಿ? ಅಝೀಮ ಏಣಿ ಹಾಕಿ ಬಾಗಿಲ ಮೇಲಿನ ಬ್ಯಾನರನ್ನೇ ಇಳಿಸಿ ತಂದು ಎರಡು ಕಂಬಗಳ ನಡುವೆ ಕಟ್ಟಿದ. ನೆಲದಿಂದ ಒಂದು ಗೇಣು ಮೇಲೆ. ಗವಿಸಿದ್ದೇಶ ಬೇಡ ಬೇಡ ಎನ್ನುತ್ತಿದ್ದಂತೆ ಕೆಲಸ ಗಾಣದ ಎತ್ತು ಬಿಟ್ಟು ಮೋಟಾರು ಹಚ್ಚಿದಂತೆ ಓಡತೊಡಗಿತು. ಈಚೆ ಬೀರವ್ವ ಕಾಲು ಒರೆಸಿ ಕೆಳಗೆ ನೂಕುವಳು. ಆಚೆ ಸಿದ್ದಲಿಂಗೇಶ ಬೆರಳಿಟ್ಟು “ಚಲೋ” ಎನ್ನುವನು ಇಲ್ಲವೆ “ಡಾಕ್ಟರ, ಇದನ್ನೊಂದು ನೋಡ್ರಿ” ಎನ್ನುವನು.

ಈಚೆ ನಿಂತು ನೋಡುವವರಿಗೆ ಆ ನೋಟವೇ ಒಂದು ಹಬ್ಬ. ಮೇಲೆ ಪುಂಡಲೀಕಪ್ಪಗೌಡರ ನಗುಮುಖ, ಕೆಳಗೆ ಕೂಲಿಯವರ ಕಾಲು. ಒಡೆದ ಹಿಮ್ಮಡಿ, ಮಣ್ಣು ಕೂತ ಉಗುರು. ಗೌಡರು ಜೀವನದಲ್ಲಿ ಮೊದಲ ಬಾರಿಗೆ ಹೊಲದಲ್ಲಿ ದುಡಿದವರಂತೆ ಕಂಡರು.

ಆಚೆ ಸಿದ್ದಲಿಂಗೇಶನಿಗೆ ಮುಖಗಳೇ ಇರಲಿಲ್ಲ. ಬರೀ ಕಾಲು. ತಾನು ಹುಟ್ಟಿದಾಗಿನಿಂದ ಈ ಜನರ ನೆತ್ತಿಗಳನ್ನಷ್ಟೇ ನೋಡಿದ್ದೇನೆ ಎಂಬುದು ಅವನಿಗೆ ಆಗ ಹೊಳೆಯಿತು. ಬಗ್ಗಿದ ನೆತ್ತಿಗಳು. ಕಾಲು ಎಂದೂ ನೋಡಿರಲಿಲ್ಲ. ಒಂದು ಕಾಲಿಗೆ ಬೆರಳೇ ಮೂರು ಇದ್ದವು. ಇನ್ನೊಂದರ ಅಂಗಾಲಿನಲ್ಲಿ ಗುಂಡು ಸೂಜಿ ನೆಟ್ಟಿತ್ತು. ಹೊತ್ತವನಿಗೆ ಗೊತ್ತೇ ಇರಲಿಲ್ಲ. ಶಾಂಭವಿ ಅದನ್ನು ಚಿಮಟಿಗೆಯಿಂದ ತೆಗೆದು, ಅವನ ಅಂಗೈಯಲ್ಲಿಟ್ಟು, ಗದಗಿನ ದೊಡ್ಡಾಸ್ಪತ್ರೆಗೆ ಚೀಟಿ ಬರೆದಳು. ಮುದಕಪ್ಪನ ಎಡಗಾಲಿಗೂ ಒಂದು ಚೀಟಿ ಸಿಕ್ಕಿತು.

ಮಧ್ಯಾಹ್ನಕ್ಕೆ ಐವತ್ತೆಂಟು ಆಗಿತ್ತು. ಆಗ ಗೌಡರ ಮನೆಯಿಂದ ಊಟ ಬಂತು. ಸಕ್ಕರೆ ಕಾಯಿಲೆಯವರ ಶಿಬಿರಕ್ಕೆ ಗೌಡರು ಕಳಿಸಿದ್ದು ಹೂರಣದ ಹೋಳಿಗೆ, ತುಪ್ಪ, ಅದರ ಮೇಲೆ ಬೆಲ್ಲದ ಪಾಯಸ.

“ಇದನ್ನ ಯಾರೂ ತಿನ್ನಬಾರದು!” ಎಂದು ಶಾಂಭವಿ ಕೂಗಿದಳು.

“ಗೌಡರು ಕಳಸಿದ್ದಕ್ಕ ಒಲ್ಲೆ ಅನ್ನಾಕ ಬರತೈತೇನ್ರಿ?” ಎಂದ ಮುದಕಪ್ಪ. “ಆದ್ರ ಅಯ್ಯಾರು ಉಣ್ಣದ ನಾವು ಮುಟ್ಟಂಗಿಲ್ಲ.”

ಎಲ್ಲರೂ ಸಿದ್ದಲಿಂಗೇಶನ ಕಡೆ ನೋಡಿದರು. ಅವನ ಎಲೆಯ ಮೇಲೆ ಹೋಳಿಗೆ ಬಿತ್ತು. ಶಾಂಭವಿ ನೋಡುತ್ತಿದ್ದಳು. ಒಲ್ಲೆ ಎಂದರೆ “ಯಾಕ, ಸಕ್ಕರಿ ಐತೇನು?” ಎಂಬ ಪ್ರಶ್ನೆ ಬರುತ್ತದೆ. ಆತ ತಿಂದ. ಗಟ್ಟಿ ಆಳು ಎಂದು ತೋರಿಸಲು ಎರಡನೆಯದನ್ನೂ ಕೇಳಿ ಹಾಕಿಸಿಕೊಂಡ. ಮೂರನೆಯದನ್ನು ಭಕ್ತಿ ತಾನೇ ಬಡಿಸಿತು. ಬೀರವ್ವ ಮಾತ್ರ ತನ್ನ ಗಂಟಿನಿಂದ ರೊಟ್ಟಿ ತೆಗೆದು, “ನನಗ ಸಕ್ಕರಿ ಐತ್ರೆಪಾ, ನಾ ಒಲ್ಲೆ” ಎಂದು ಮೂಲೆಯಲ್ಲಿ ಕೂತು ಪಲ್ಯ ಹಚ್ಚಿಕೊಂಡು ಉಂಡಳು. ಅಷ್ಟು ಸರಳ ಮಾತು. ಆಡು ಕಾಯುವವಳು ಹೇಳಬಹುದಾದದ್ದನ್ನು ಹಿರೇಮಠದವನು ಹೇಳಲಾರ.

ನಾಲ್ಕು ಗಂಟೆಗೆ ಮುಖ್ಯ ಅತಿಥಿ ಬಂದರು. ಅವರ ಜೊತೆ ಪುಂಡಲೀಕಪ್ಪಗೌಡರು; ಬಿಳಿ ಪಂಚೆ, ಹೊಳೆಯುವ ಬೂಟು. ಉದ್ಘಾಟನೆಯ ಕಾಲು ಗೌಡರದೇ ಎಂದು ವಾರದ ಹಿಂದೆಯೇ ಗೊತ್ತಾಗಿತ್ತು. ವೇದಿಕೆಯ ಮೇಲಿನ ಸಿಂಹಾಸನದಂಥ ಕುರ್ಚಿಯಲ್ಲಿ ಗೌಡರು ಒಂದು ಬೂಟು ಕಳಚಿ ಕೂತರು. ಅತಿಥಿಗಳು ರಿಬ್ಬನ್ ಕತ್ತರಿಸಿದರು. ಕ್ಯಾಮೆರಾಗಳು ಬಗ್ಗಿದವು.

“ಗೌಡರ, ಕಾಲಚೀಲ ತೆಗೀರಿ” ಎಂದಳು ಶಾಂಭವಿ.

“ಏನಂದಿ?” ಗೌಡರ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. “ಇಷ್ಟ ಮಂದಿ ಮುಂದ ಪುಂಡಲೀಕಪ್ಪಗೌಡ ಬರಿಗಾಲ ತೋರಸತಾನೇನವಾ? ನನ್ನ ಆಳುಗಳು ನಿಂತಾರ ಇಲ್ಲೆ.”

ಅತಿಥಿಗಳು ನಕ್ಕು, ಯಂತ್ರದ ಕಡ್ಡಿಯನ್ನು ಕಾಲಚೀಲದ ಮೇಲೆಯೇ ಇಟ್ಟರು. ಗವಿಸಿದ್ದೇಶ ಮೈಕನ್ನು ಯಂತ್ರದ ಬಾಯಿಗೆ ಹಿಡಿದ. ಇಡೀ ಮಂಟಪ ಉಸಿರು ಕಟ್ಟಿ ಕೇಳಿತು. ಏನೂ ಇಲ್ಲ. ಎಲ್ಲೋ ಒಂದು ಆಡು ಅರಚಿತು.

“ಗೌಡರ ರಕ್ತ ಎಷ್ಟ ಶಾಂತ ಐತಿ ನೋಡ್ರಿ!” ಎಂದರು ಅತಿಥಿಗಳು. ಚಪ್ಪಾಳೆ ಬಿತ್ತು. ಗೌಡರ ಕಣ್ಣು ಆಗ ಎರಡು ಕಂಬಗಳ ನಡುವೆ ಹೋಯಿತು. ತಮ್ಮ ನಗುಮುಖದ ಕೆಳಗೆ ಯಾರದೋ ಮಣ್ಣುಗಾಲು ಬೆರಳಾಡಿಸುತ್ತಿತ್ತು.

“ಅದ ಯಾವನ ಕಾಲಲೇ?”

ಕಾಲು ಸರಕ್ಕನೆ ಹಿಂದಕ್ಕೆ ಸರಿಯಿತು. ಗೌಡರು ಹಲ್ಲು ಕಡಿಯುತ್ತ ಅತಿಥಿಗಳೊಂದಿಗೆ ಹೊರಟುಹೋದರು. ಗವಿಸಿದ್ದೇಶ ಯಂತ್ರವನ್ನು ಮತ್ತೆ ಪೆಟ್ಟಿಗೆಗೆ ಹಾಕಿ, ಕಿಸೆಯಿಂದ ಹೊಸ ರಿಬ್ಬನ್ ತೆಗೆದು ಕಟ್ಟಿ, ಅತಿಥಿಗಳ ಕಾರಿನಲ್ಲಿ ಇಟ್ಟು ಬಂದ.

“ಯಂತ್ರ ಎಲ್ಲಿಗೆ?” ಎಂದಳು ಶಾಂಭವಿ.

“ಮುಂಡರಗಿಗೆ ರೀ. ನಾಳೆ ಅಲ್ಲೆ ಉದ್ಘಾಟನಾ ಐತಿ.”

ಶಾಂಭವಿ ತನ್ನ ಎರಡು ಬೆರಳುಗಳನ್ನು ನೋಡಿಕೊಂಡಳು. ಬೆಳಗಿನಿಂದ ಆ ಬೆರಳುಗಳು ಹನ್ನೊಂದು ಕೆಟ್ಟ ಕಾಲುಗಳನ್ನು ಹಿಡಿದಿದ್ದವು. ಅವಕ್ಕೆ ರಿಬ್ಬನ್ ಮಾತ್ರ ಯಾರೂ ಕಟ್ಟಿರಲಿಲ್ಲ.

ಐದೂವರೆಗೆ ಸಾಲು ಮುಗಿಯಿತು. ಗವಿಸಿದ್ದೇಶ ಪುಸ್ತಕ ತಿರುವಿ ತಿರುವಿ ನೋಡಿ ಕುಸಿದು ಕೂತ.

“ತೊಂಬತ್ತೊಂಬತ್ತು.”

“ಗೌಡರನ್ನ ಹಿಡದ್ರ ನೂರ ಆಗತೈತಲ್ರಿ” ಎಂದ ಅಝೀಮ.

“ಕಾಲಚೀಲದ ನಾಡಿ ನಾ ಬರಿಯಂಗಿಲ್ಲ” ಎಂದಳು ಶಾಂಭವಿ.

“ಹಂಗಾರ ಅಝೀಮ, ನೀನ ಕಾಲ ಕೊಡೋ!”

“ನನಗ ಸಕ್ಕರಿ ಇಲ್ರಿ ಸಾಹೇಬ್ರ. ಹೆಂಡತಿ ಚಾದಾಗೂ ಹಾಕಂಗಿಲ್ಲ.”

ಗವಿಸಿದ್ದೇಶ ಹೊರಗೆ ಓಡಿದ. “ಸಕ್ಕರಿ ಇದ್ದವರು ಯಾರರ ಉಳದೀರೇನ್ರೋ? ಒಬ್ಬರು! ಒಬ್ಬರ ಬರ್ರಿ!” ಎಂದು ಹರಾಜು ಕೂಗುವವನಂತೆ ಬೀದಿಯ ತುಂಬ ಕೂಗಿದ. ಯಾರೂ ಬರಲಿಲ್ಲ. ಹೋಳಿಗೆ ಮುಗಿದಿತ್ತು.

ಬ್ಯಾನರಿನ ಆಚೆ ಸಿದ್ದಲಿಂಗೇಶ ಇದನ್ನೆಲ್ಲ ಕೇಳುತ್ತ ಕೂತಿದ್ದ. ಒಂದು ಕಾಲಿಗೆ ತನ್ನ ಒಂದು ವರ್ಷದ ಗುತ್ತಿಗೆ ನೇತಾಡುತ್ತಿದೆ. ಸಹಿಯ ಕಾಗದ ಮಡಿಲಲ್ಲಿ ಸಿದ್ಧವಿದೆ; ಡಾಕ್ಟರರ ಎದುರಿಗೆ ಇಡೀ ದಿನ ಕೂತೇ ಇದ್ದುದರಿಂದ ಕುಂಟಿದ್ದನ್ನು ಯಾರೂ ನೋಡಿಲ್ಲ. ಆದರೆ ಏಳು ಗಂಟೆ ಮಡಚಿಟ್ಟ ಎಡಗಾಲು ಈಗ ಕಟ್ಟಿಗೆಯಾಗಿತ್ತು. ಅದನ್ನು ಕೈಯಿಂದ ಎತ್ತಿ, ಮೆಲ್ಲಗೆ ಮುಂದಕ್ಕೆ ನೀಡಿದ. ನೀಡಿದ ಕಾಲು ಬ್ಯಾನರಿನ ಕೆಳಗಿನಿಂದ ಈಚೆ ಬಂತು, ಮುಖ್ಯ ಅತಿಥಿಯ ಗದ್ದದ ಕೆಳಗೆ.

ಈಚೆ ಬೀರವ್ವ ಬಟ್ಟೆ ಹಿಂಡುತ್ತಿದ್ದಳು. ಅಯ್ಯನವರ ಪಾದ ತಾನಾಗಿ ಎದುರಿಗೆ ಬಂದದ್ದು ಕಂಡಿತು. ನಲವತ್ತು ವರ್ಷದ ರೂಢಿ. ಕೈ ಒರೆಸಿಕೊಂಡು, ಬಗ್ಗಿ, ಪಾದ ಮುಟ್ಟಿ, ಕೈಯನ್ನು ಕಣ್ಣಿಗೆ ಒಯ್ಯಬೇಕು. ಕೈ ಅರ್ಧ ದಾರಿಯಲ್ಲಿ ನಿಂತಿತು. ಅವಳು ಮತ್ತೆ ಬಗ್ಗಿದಳು. ಈ ಸಲ ಎರಡೇ ಬೆರಳು. ಹೆಬ್ಬೆರಳಿನ ಎಲುಬಿನ ಸಾಲಿಗೆ, ಹಗುರವಾಗಿ. ಆಮೇಲೆ ಹರಡಿನ ಹಿಂದೆ.

“ಡಾಕ್ಟರವ್ವಾರ” ಎಂದಳು. “ಈ ಕಾಲು ಬಾವಿ ಕಲ್ಲಿನಂಗ ತಣ್ಣಗೈತಿ. ಎರಡೂ ಕಡೆ ನಾಡಿ ಹತ್ತವಲ್ದು.”

ಕಾಲು ಗಾಬರಿಯಾಗಿ ಒಳಗೆ ಹೋಗಲು ನೋಡಿತು. ಬೀರವ್ವ ಬಿಡಲಿಲ್ಲ. ಓಡುವ ಆಡಿನ ಹಿಂಗಾಲು ಹಿಡಿದ ಕೈ ಅದು.

“ಬಿಡ ಬೀರವ್ವಾ!” ಎಂದು ಆಚೆಯಿಂದ ದನಿ ಬಂತು.

“ಬಿಡಂಗಿಲ್ರಿ ಅಯ್ಯಾರ. ನಿಮ್ಮ ಕಾಲು, ನಿಮ್ಮಪ್ಪಾರ ಕಾಲು ನಲವತ್ತ ವರ್ಷ ಮುಟ್ಟೇನಿ. ಹಿಡದ ನೋಡಿದ್ದು ಇವತ್ತ ಮೊದಲ.”

ಶಾಂಭವಿ ಬ್ಯಾನರನ್ನು ಎತ್ತಿದಳು. ತಾನೂ ಬೆರಳಿಟ್ಟು ನೋಡಿದಳು. ಬಲಗಾಲು ನೋಡಿದಳು. ಮುಖ ಗಂಭೀರವಾಯಿತು. “ಹಿರೇಮಠ ಅವರ, ನಡದ್ರ ಮೀನಖಂಡ ನೋಯತೈತೇನು? ನಿಂತ್ರ ಕಮ್ಮಿ ಆಗತೈತಿ?”

“ಇಲ್ರಿ... ಅಂಥಾದ್ದೇನಿಲ್ಲ...”

“ನಿಮಗ ಸಕ್ಕರಿ ಐತೇನು?”

ಸಿದ್ದಲಿಂಗೇಶ ಬಾಯಿ ತೆರೆದ. ಇಲ್ಲ ಎಂದರೆ ಸಹಿ ಸಿಗಬಹುದು. ಅಷ್ಟರಲ್ಲಿ ಬಾಗಿಲಿಂದ ಗವಿಸಿದ್ದೇಶ ಹಾರಿ ಬಂದ. ಅವನ ಮುಖದಲ್ಲಿ ಮುಳುಗುವವನಿಗೆ ದಂಡೆ ಕಂಡ ಬೆಳಕು.

“ಐತಿ ಅನ್ರಿ ಅಯ್ಯಾರ! ನಿಮ್ಮ ಪಾದಾ ಮುಗೀತೇನಿ, ಐತಿ ಅನ್ರಿ! ಐತಿ ಅಂದ್ರ ನೂರ ಆತು!”

ಇದೆ ಎಂದರೆ ನೂರು, ಸಹಿ ಇಲ್ಲ. ಇಲ್ಲ ಎಂದರೆ ಸಹಿ, ನೂರಿಲ್ಲ. ಗುತ್ತಿಗೆಗೆ ಎರಡೂ ಬೇಕು. ಸಿದ್ದಲಿಂಗೇಶ ಇಬ್ಬರನ್ನೂ ನೋಡಿದ. ಹಣೆಯ ಬೆವರೊರೆಸಲು ಬಗ್ಗಿದ. ಕಿಸೆಯಿಂದ ವಿಭೂತಿ ಡಬ್ಬಿ ಜಾರಿ ನೆಲಕ್ಕೆ ಬಿದ್ದು ಬಾಯಿ ತೆರೆಯಿತು. ವಿಭೂತಿ ಒಂದು ಕಡೆ ಉರುಳಿತು. ಗುಳಿಗೆಯ ಹಾಳೆ ಇನ್ನೊಂದು ಕಡೆ ಹೊಳೆಯುತ್ತ ಬಿತ್ತು.

ಶಾಂಭವಿ ಅವನ ಬೆರಳು ಚುಚ್ಚಿದಳು. ಸಕ್ಕರೆ ಅಳೆಯುವ ಪುಟ್ಟ ಯಂತ್ರ ಮುನ್ನೂರ ಹನ್ನೆರಡು ಎಂದಿತು. ಮೂರು ಹೋಳಿಗೆ ಒಮ್ಮೆಲೆ ಸಾಕ್ಷಿ ಹೇಳಿದ್ದವು.

“ನೂರು!” ಎಂದು ಗವಿಸಿದ್ದೇಶ ಕುಣಿದಾಡಿದ. ನೂರನೆಯ ಕಾಲಿನ ಫೋಟೊ ತೆಗೆದ. ಅತಿಥಿಗಳ ಕೊರಳಿಂದ ತೆಗೆದಿಟ್ಟ ಹಾರವನ್ನು ತಂದು ಸಿದ್ದಲಿಂಗೇಶನಿಗೆ ಹಾಕಿದ. “ನಿಮ್ಮಿಂದ ಶಿಬಿರದ ಮಾನ ಉಳೀತು ಅಯ್ಯಾರ! ಎಲ್ಲಿ, ಆ ಸಹಿ ಕಾಗದ ಕೊಡ್ರಿ.”

ಕಾಗದದಲ್ಲಿ ಎರಡೇ ಚೌಕ ಇದ್ದವು: ‘ಎಂಟು ಕಿ.ಮೀ. ನಡೆಯಬಲ್ಲರು’, ‘ನಡೆಯಲಾರರು’.

“ಚಿಕಿತ್ಸಾ ಮಾಡಿಸಿಗೊಂಡ್ರ ನಡಿಯಬಲ್ಲರು ಅಂತ ಬರಿತೇನಿ” ಎಂದಳು ಶಾಂಭವಿ.

“ಅದಕ್ಕ ಚೌಕ ಇಲ್ರಿ ಡಾಕ್ಟರ.”

“ಹಂಗಾರ ಮೊದಲನೇದಕ್ಕ ನಾ ಗುರ್ತ ಹಾಕಂಗಿಲ್ಲ. ಸುಳ್ಳ ಬರದ್ರ ಈ ಮನುಷ್ಯಾ ಕಾಲ ಕಳಕೋತಾನ.”

“ಆತು. ಎರಡನೇದಕ್ಕ ಹಾಕ್ರಿ” ಎಂದು ಗವಿಸಿದ್ದೇಶ ನಿಟ್ಟುಸಿರುಬಿಟ್ಟು, ಅವಳು ಗುರುತು ಹಾಕಿದ ಕಾಗದವನ್ನು ಮಡಚಿ ಇಟ್ಟುಕೊಂಡ. ಹಾರ ಇನ್ನೂ ಸಿದ್ದಲಿಂಗೇಶನ ಕೊರಳಲ್ಲೇ ಇತ್ತು. “ನನ್ನ ಕೈಯಾಗ ಏನೂ ಇಲ್ಲ ನೋಡ್ರಿ.” ಆಮೇಲೆ ಬೀರವ್ವನ ಕಡೆ ತಿರುಗಿ ದನಿ ಮೆತ್ತಗೆ ಮಾಡಿದ. “ಏ ಬೀರವ್ವಾ, ನಿನ್ನ ಬಳ್ಳ ಚಲೋ ಅದಾವ. ನಾಳೆ ಮುಂಡರಗಿಗೆ ಬಾ. ಸೇವಾ ಅಂತ ತಿಳಕೊಂಡು ಬಾ.”

“ಸೇವಾ ಅಂದ್ರ ಕೂಲಿ ಇಲ್ಲ ಅಂತಲ್ರಿ?” ಬೀರವ್ವ ಸೆರಗು ಝಾಡಿಸಿ ಎದ್ದಳು. “ನಮ್ಮ ಆಡುಗಳು ಅದಕ್ಕಿಂತ ಚಲೋ. ನಾಡಿ ನೋಡಿದ್ರ ಹಾಲರ ಕೊಡತಾವ.”

ಶಾಂಭವಿ ನೂರನೆಯವನ ಚೀಟಿ ಬರೆದು ಸಿದ್ದಲಿಂಗೇಶನ ಕೈಗಿಟ್ಟಳು. “ನಾಳೆನ ಗದಗಿಗೆ ಹೋಗ್ರಿ, ಮೈಮರೀಬ್ಯಾಡ್ರಿ. ಇನ್ನೂ ಹೊತ್ತ ಮೀರಿಲ್ಲ. ಹೋಳಿಗಿ ಬಂದ್, ಬರಿಗಾಲ ಬಂದ್, ತಂಬಾಕ ಇದ್ರ ಬಂದ್. ಗುಳಿಗಿ ಹೆಂಡತಿ ಮುಂದ ತಗೋರಿ, ವಿಭೂತಿ ಕೆಳಗ ಅಲ್ಲ. ಗದಗಿನ ಡಾಕ್ಟರು ನೋಡಿ ಹೂಂ ಅಂದಮ್ಯಾಲ ಎಲ್ಲಾಕ್ಕಿಂತ ದೊಡ್ಡ ಔಷಧ ಒಂದೈತಿ.”

“ಏನ್ರಿ ಅದು?”

“ನಡಿಗಿ. ದಿನಾ ನಡೀಬೇಕು. ನೋವು ಬಂದ್ರ ನಿಲ್ಲಬೇಕು, ಹೋದ್ರ ಮತ್ತ ನಡೀಬೇಕು. ನಡದಷ್ಟೂ ಚಲೋ.”

ಸಿದ್ದಲಿಂಗೇಶ ಚೀಟಿಯನ್ನು ಮಡಚಿ ಕಿಸೆಗಿಟ್ಟ. “ಡಾಕ್ಟರ, ಇಷ್ಟ ದಿನ ನಡಿಯೋದಕ್ಕನ ನನಗ ಸಂಬಳ ಕೊಡತಿದ್ರು.”

ಶಾಂಭವಿ ಚೀಟಿಯ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದಳು.

ಹೊರಗೆ ಬಿಸಿಲು ಇಳಿದಿತ್ತು. ಸಿದ್ದಲಿಂಗೇಶ ಕೊರಳಿನ ಹಾರದೊಂದಿಗೇ ಬಸ್ ನಿಲ್ದಾಣದ ಕಡೆ ಹೊರಟ. ಚಾದಂಗಡಿಯ ಮುಂದೆ ಬರುವಷ್ಟರಲ್ಲಿ ನೂರು ಹೆಜ್ಜೆಯಾಯಿತು. ಮೀನಖಂಡವನ್ನು ಬೆಳಗಿನ ಅದೇ ಕೈ ಹಿಂಡಿತು. ಆತ ನಿಂತ.

“ಶರಣ್ರೀ ಅಯ್ಯಾರ!” ಹಾರ ಕಂಡ ಜನಕ್ಕೆ ಹುರುಪು ಬಂದು ಬೆಳಗಿಗಿಂತ ಇಮ್ಮಡಿ ಮಂದಿ ಸೇರಿದರು. ಮುಂದಿದ್ದವನು ಬಗ್ಗಿ, ಪಾದ ಮುಟ್ಟಿ, ಕೈಯನ್ನು ಕಣ್ಣಿಗೆ ಒಯ್ಯುತ್ತಿದ್ದಂತೆ ಸಿದ್ದಲಿಂಗೇಶ ಅವನ ಮಣಿಕಟ್ಟು ಹಿಡಿದು ಮತ್ತೆ ಕೆಳಗೆ ತಂದ.

“ಗಡಿಬಿಡಿ ಮಾಡಬ್ಯಾಡೋ ತಮ್ಮಾ. ಇಲ್ಲೆ, ಹೆಬ್ಬಟ್ಟಿನ ಎಲುವಿನ ಸಾಲಿಗೆ ಎರಡ ಬಳ್ಳ ಇಡು. ಹಾಂ. ಈಗ ಹೇಳು, ಬಡಿತೈತೇನು?”

ಅವನು ಕಣ್ಣು ಮುಚ್ಚಿ, ಭಕ್ತಿಯಿಂದ, ಬಹಳ ಹೊತ್ತು ಹಿಡಿದು ನೋಡಿದ.

“ಇಲ್ರಿ ಅಯ್ಯಾರ” ಎಂದ ಕಡೆಗೆ. “ಭಾಳ ಶಾಂತ ಐತ್ರಿ.”